45,000 ರೂಪಾಯಿಯೊಳಗೆ ಡಿಎಸ್‌ಎಲ್‌ಆರ್: ಮಾವನವರ ಹಳೆಯ ನಿಕಾನ್ ಲೆನ್ಸುಗಳಿಗೆ ಡಿ5600 ಸಾಕೇ, ಡಿ7200 ಬೇಕೇ?

ತಾಲೀಮು_ಕೋಣೆ (ಬಸವನಗುಡಿ):

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಿಂದ ಲೆಕ್ಕಪತ್ರ ನೋಡುವವನು. ಬಿಡುವಿನಲ್ಲಿ ನಮ್ಮ ಬಡಾವಣೆಯ ಹವ್ಯಾಸಿ ನಾಟಕ ತಂಡದ ತಾಲೀಮಿನ ಚಿತ್ರ ತೆಗೆಯುತ್ತೇನೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಕೆರೆಯ ಏರಿಯ ಮೇಲೆ ನಡೆಯುತ್ತ ಹೆಜ್ಜಾರ್ಲೆ, ನೀರುಕಾಗೆಗಳನ್ನು ಮೊಬೈಲಿನಲ್ಲಿ ಹಿಡಿಯಲು ಹೆಣಗುತ್ತೇನೆ. ಹಗಲಿನಲ್ಲಿ ಮೊಬೈಲಿನ ಬಗ್ಗೆ ನನಗೆ ದೊಡ್ಡ ದೂರೇನೂ ಇಲ್ಲ. ಆದರೆ ರಂಗದ ಮೇಲೆ ಒಂದೇ ಒಂದು ಹಳದಿ ದೀಪ ಉಳಿದು, ಅದರ ಅಂಚಿನಲ್ಲಿ ನಟ ಮುಖ ಹೊರಳಿಸುವ ಹೊತ್ತಿಗೆ, ಮೊಬೈಲು ಆ ಮುಖವನ್ನು ಮೇಣದ ಗೊಂಬೆಯಂತೆ ನುಣುಪು ಮಾಡಿಬಿಡುತ್ತದೆ. ಹಣೆಯ ಗೆರೆ, ಮೀಸೆಯ ಕೂದಲು ಯಾವುದೂ ಉಳಿಯುವುದಿಲ್ಲ.

ಮಾವನವರು ಫಿಲ್ಮ್ ಕಾಲದಲ್ಲಿ ನಿಕಾನ್ ಬಳಸುತ್ತಿದ್ದರು. ಅವರ ಕ್ಯಾಮೆರಾ ಎಂದೋ ಕೆಟ್ಟುಹೋಗಿದೆ, ಆದರೆ ಎರಡು ಲೆನ್ಸುಗಳು ಬೀರುವಿನಲ್ಲಿ ಉಳಿದಿದ್ದವು: ಒಂದು 50 ಮಿ.ಮೀ. ಎಫ್ 1.8ಡಿ, ಇನ್ನೊಂದು 70-300 ಮಿ.ಮೀ. ಎಫ್ 4-5.6ಡಿ ಇಡಿ. ‘ನನಗಿನ್ನೇನು ಉಪಯೋಗ, ನೀವೇ ಇಟ್ಟುಕೊಳ್ಳಿ’ ಎಂದು ಕಳೆದ ಯುಗಾದಿಗೆ ಕೊಟ್ಟರು. ಅಂದಿನಿಂದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ) ಕೊಳ್ಳುವ ಯೋಚನೆ ಹತ್ತಿದೆ.

ನನ್ನ ಮಿತಿ 45,000 ರೂಪಾಯಿ. ಚೀಲ ಮತ್ತು ಕಾರ್ಡು ಅದರೊಳಗೇ ಬರಬೇಕು. ಸೆಕೆಂಡ್ ಹ್ಯಾಂಡ್ ಅಂಗಡಿಯೊಂದರಲ್ಲಿ ಎರಡು ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಮೊದಲನೆಯದು ನಿಕಾನ್ ಡಿ5600, 18-55 ಕಿಟ್ ಲೆನ್ಸ್ ಸಮೇತ 33,000. ಎರಡನೆಯದು ನಿಕಾನ್ ಡಿ7200, ಬಾಡಿ ಮಾತ್ರ 36,000. ಅದರ ಶಟರ್ ಎಣಿಕೆ (ಇದುವರೆಗೆ ಶಟರ್ ಬಿದ್ದ ಸಲಗಳು) 41,000 ಚಿಲ್ಲರೆ ಎಂದು ಹೇಳಿದರು. ‘ಎರಡೂ 24 ಮೆಗಾಪಿಕ್ಸೆಲ್ ಸರ್, ಚಿತ್ರ ಒಂದೇ ಥರ ಬರುತ್ತೆ, ಡಿ5600 ಹಗುರ, ಪರದೆ ಕೂಡ ತಿರುಗುತ್ತೆ, ಲೆನ್ಸೂ ಸಿಗುತ್ತೆ, ಅದನ್ನೇ ತಗೊಳ್ಳಿ’ ಎನ್ನುವುದು ಅಂಗಡಿಯವರ ಸಲಹೆ. ಹೊಸದೇ ಬೇಕೆನ್ನುವುದಾದರೆ ಕ್ಯಾನನ್ 1500ಡಿ ಇದೆ ಎಂದೂ ಹೇಳಿದರು.

ಚಿತ್ರ ಒಂದೇ ಥರ ಬರುವುದು ನಿಜವಾದರೆ ಹೆಚ್ಚು ಕೊಟ್ಟು, ಲೆನ್ಸೂ ಇಲ್ಲದೆ, ಭಾರದ್ದನ್ನು ಹೊರುವುದು ಏಕೆ? ತಿಳಿದವರು ದಯವಿಟ್ಟು ಹೇಳಬೇಕು.

ಹಳೇ_ರೀಲು (ಮಲ್ಲೇಶ್ವರ):

ಅಂಗಡಿಯವರು ಸುಳ್ಳು ಹೇಳಿಲ್ಲ, ಆದರೆ ನಿಮ್ಮ ಬೀರುವಿನಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಬೇರೆ ಸಲಹೆಯನ್ನೇ ಕೊಡಬೇಕಾಗುತ್ತಿತ್ತು.

ಮೊದಲು ಚಿತ್ರದ ಗುಣಮಟ್ಟದ ಮಾತು. ಎರಡರದೂ ಎಪಿಎಸ್-ಸಿ ಅಳತೆಯ ಸೆನ್ಸರ್, ಎರಡರಲ್ಲೂ 6000 × 4000 ಪಿಕ್ಸೆಲ್. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಮುದ್ರಿಸಿದರೆ 20 × 13 ಇಂಚಿನ ಚಿತ್ರ ಎರಡರಿಂದಲೂ ಬರುತ್ತದೆ. ಒಂದೇ ಲೆನ್ಸ್, ಒಂದೇ ಬೆಳಕು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆಯ ಅಂಕಿ) 3200 ಇಟ್ಟು ತೆಗೆದ ಎರಡು ಚಿತ್ರಗಳನ್ನು ಹೆಸರು ಮುಚ್ಚಿ ಮುಂದಿಟ್ಟರೆ ನಾನಂತೂ ಯಾವುದು ಯಾವುದರದು ಎಂದು ಹೇಳಲಾರೆ. ಆದ್ದರಿಂದ ಮೆಗಾಪಿಕ್ಸೆಲ್ಲಿನ ಮಾತನ್ನು ಇಲ್ಲಿಗೇ ಬಿಡೋಣ.

ಈಗ ನಿಮ್ಮ ಲೆನ್ಸುಗಳ ವಿಷಯಕ್ಕೆ ಬರುತ್ತೇನೆ. ಹೆಸರಿನ ಕೊನೆಯಲ್ಲಿ ‘ಡಿ’ ಇರುವ ಈ ಎರಡರ ಒಳಗೂ ಫೋಕಸ್ ಮೋಟಾರ್ ಇಲ್ಲ. ಮೋಟಾರ್ ಇರಬೇಕಾದದ್ದು ಕ್ಯಾಮೆರಾದಲ್ಲಿ. ಡಿ7200ರ ಬಾಯಿಯ ಮುಚ್ಚಳ ತೆಗೆದು, ಲೆನ್ಸ್ ಕೂರುವ ಲೋಹದ ಬಳೆಯನ್ನು ದಿಟ್ಟಿಸಿ ನೋಡಿ. ಅಂಚಿನಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಒಂದು ಪುಟ್ಟ ಕಡ್ಡಿ ಹೊರಗೆ ಇಣುಕುತ್ತಿರುತ್ತದೆ. ನಿಮ್ಮ 50 ಮಿ.ಮೀ. ಲೆನ್ಸಿನ ಹಿಂಭಾಗದಲ್ಲಿ ಅದಕ್ಕೆ ಸರಿಯಾಗಿ ಹೊಂದುವ ಸೀಳು ಇರುತ್ತದೆ. ಕ್ಯಾಮೆರಾ ಆ ಕಡ್ಡಿಯನ್ನು ತಿರುಗಿಸಿದಾಗ ಲೆನ್ಸಿನೊಳಗಿನ ಗಾಜು ಹಿಂದೆ ಮುಂದೆ ಸರಿಯುತ್ತದೆ. ಡಿ5600ರಲ್ಲಿ ಈ ಕಡ್ಡಿಯೇ ಇಲ್ಲ. ಡಿ3000 ಮತ್ತು ಡಿ5000 ಸಾಲಿನ ಯಾವ ಕ್ಯಾಮೆರಾದಲ್ಲೂ ಇಲ್ಲ. ಅಂಥವುಗಳಲ್ಲಿ ನಿಮ್ಮ ಎರಡೂ ಲೆನ್ಸುಗಳು ಕೂರುತ್ತವೆ, ಬೆಳಕನ್ನೂ ಅಳೆಯುತ್ತವೆ, ಆದರೆ ಫೋಕಸ್ ಮಾತ್ರ ಕೈಯಿಂದಲೇ ಆಗಬೇಕು. ಫೋಕಸ್ ಕೂಡಿದಾಗ ವ್ಯೂಫೈಂಡರಿನ ಮೂಲೆಯಲ್ಲಿ ಚುಕ್ಕಿ ದೀಪ ಹತ್ತುತ್ತದೆ ನಿಜ. ಕೂತ ಮನುಷ್ಯನಿಗೆ ಅದು ಸಾಕು, ಹಾರುವ ನೀರುಕಾಗೆಗೆ ಸಾಲದು. ನಿಕಾನ್ ತನ್ನ ಎಫ್ ಮೌಂಟನ್ನು (ಲೆನ್ಸ್ ಕೂರುವ ಬಾಯಿ) 1959ರಿಂದ ಉಳಿಸಿಕೊಂಡು ಬಂದಿದೆ ಎಂದು ನಾವೆಲ್ಲ ಹೆಮ್ಮೆ ಪಡುತ್ತೇವೆ, ಆದರೆ ಲೆನ್ಸ್ ಬಾಯಿಗೆ ಕೂತ ಮಾತ್ರಕ್ಕೆ ಕೆಲಸವೆಲ್ಲ ನಡೆಯುತ್ತದೆ ಎಂದಲ್ಲ.

ಇನ್ನು ಚಿತ್ರದಲ್ಲಿ ಕಾಣದ, ಚಿತ್ರ ತೆಗೆಯುವಾಗ ಮಾತ್ರ ಕಾಣುವ ವ್ಯತ್ಯಾಸಗಳಿವೆ. ಡಿ7200ರ ವ್ಯೂಫೈಂಡರಿನಲ್ಲಿ ಗಾಜಿನ ಪೆಂಟಾಪ್ರಿಸಂ ಇದೆ, ಚೌಕಟ್ಟಿನ 100 ಶೇಕಡಾ ಕಾಣುತ್ತದೆ. ಡಿ5600ರಲ್ಲಿರುವುದು ಕನ್ನಡಿಗಳನ್ನು ಜೋಡಿಸಿದ ಪೆಂಟಾಮಿರರ್. ಬಿಂಬ ಸ್ವಲ್ಪ ಚಿಕ್ಕದು, ಸ್ವಲ್ಪ ಮಂಕು, ಅಡ್ಡಕ್ಕೂ ಉದ್ದಕ್ಕೂ 95 ಶೇಕಡಾ ಮಾತ್ರ ಕಾಣುತ್ತದೆ. ಎರಡನ್ನೂ ಗುಣಿಸಿದರೆ ಚಿತ್ರದ ಹತ್ತರಲ್ಲೊಂದು ಪಾಲು ನಿಮ್ಮ ಕಣ್ಣಿಗೆ ಬೀಳದೆ ದಾಖಲಾಗುತ್ತದೆ. ನಾಟಕದಲ್ಲಿ ಆ ಹತ್ತರಲ್ಲೊಂದು ಪಾಲಿನಲ್ಲಿಯೇ ಸೈಡ್ ವಿಂಗಿನಲ್ಲಿ ನಿಂತು ಮೊಬೈಲ್ ನೋಡುತ್ತಿರುವ ಮಹಾಶಯನ ಮೊಣಕೈ ಬಂದು ಕೂರುವುದು.

ಡಿ7200ರಲ್ಲಿ ಹೆಬ್ಬೆರಳಿಗೊಂದು, ತೋರುಬೆರಳಿಗೊಂದು ಚಕ್ರವಿದೆ. ರಂಗದ ಬೆಳಕು ಕ್ಷಣ ಕ್ಷಣಕ್ಕೂ ಬದಲಾಗುವಾಗ ಶಟರ್ ವೇಗವನ್ನು ಒಂದರಲ್ಲಿ, ಅಪರ್ಚರನ್ನು (ಬೆಳಕು ಒಳಬರುವ ಲೆನ್ಸಿನ ತೆರಪು, ಎಫ್ ಅಂಕಿ) ಇನ್ನೊಂದರಲ್ಲಿ, ಕಣ್ಣು ತೆಗೆಯದೆ ಬದಲಿಸಬಹುದು. ಡಿ5600ರಲ್ಲಿ ಒಂದೇ ಚಕ್ರ. ಇನ್ನೊಂದಕ್ಕೆ ಗುಂಡಿಯನ್ನು ಒತ್ತಿ ಹಿಡಿದು ಅದೇ ಚಕ್ರವನ್ನು ತಿರುಗಿಸಬೇಕು. ಕಾಗದದ ಮೇಲೆ ಇದು ಸಣ್ಣ ವಿಷಯ.

ಕತ್ತಲಿನಲ್ಲಿ ಫೋಕಸ್ ಹಿಡಿಯುವ ಶಕ್ತಿಯ ಬಗ್ಗೆ ನಾನು ಅನುಭವದಿಂದ ಹೇಳಬಲ್ಲೆ. ಕೆಲವು ವರ್ಷಗಳ ಹಿಂದೆ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯ ಮುಂದೆ, ಕರಗ ಹೊರಬರುವುದನ್ನು ಕಾಯುತ್ತ ನಾಲ್ಕು ಗಂಟೆ ಜನರ ನಡುವೆ ನಿಂತಿದ್ದೆ. ಮಲ್ಲಿಗೆಯ ಆ ಗೋಪುರ ಬಾಗಿಲು ದಾಟಿದ ಕ್ಷಣದಲ್ಲಿ, ಆಗ ನನ್ನ ಬಳಿ ಇದ್ದ ಆರಂಭಿಕ ದರ್ಜೆಯ ಕ್ಯಾಮೆರಾ ಫೋಕಸನ್ನು ಹುಡುಕುತ್ತ ಈ ತುದಿಯಿಂದ ಆ ತುದಿಗೆ ಓಡಾಡಿತೇ ಹೊರತು ಶಟರ್ ಬೀಳಲಿಲ್ಲ. ನನಗೆ ಸಿಕ್ಕಿದ್ದು ವೀರಕುಮಾರರ ಬೆನ್ನುಗಳು. ಡಿ5600ರ ಫೋಕಸ್ ವ್ಯವಸ್ಥೆ ಮೈನಸ್ 1 ಇವಿ (ಬೆಳಕಿನ ಅಳತೆ; ಒಂದು ಅಂಕಿ ಇಳಿದರೆ ಬೆಳಕು ಅರ್ಧ) ಬೆಳಕಿನವರೆಗೆ ಕೆಲಸ ಮಾಡುತ್ತದೆ, ಡಿ7200ರದು ಮೈನಸ್ 3ರವರೆಗೆ. ಅಂದರೆ ನಾಲ್ಕನೇ ಒಂದು ಪಾಲು ಬೆಳಕಿದ್ದರೂ ಸಾಕು. ಫೋಕಸ್ ಬಿಂದುಗಳು ಒಂದರಲ್ಲಿ 39, ಇನ್ನೊಂದರಲ್ಲಿ 51 ಎನ್ನುವುದಕ್ಕಿಂತ ನಿಮಗೆ ಈ ಲೆಕ್ಕವೇ ಮುಖ್ಯ.

ಡಿ7200ರ ಕೊರತೆಗಳನ್ನೂ ಹೇಳಬೇಕು. ಬ್ಯಾಟರಿ, ಕಾರ್ಡು ಸೇರಿ 765 ಗ್ರಾಂ ತೂಗುತ್ತದೆ, ಡಿ5600 ಕೇವಲ 465 ಗ್ರಾಂ. ಪರದೆ ಅಲುಗುವುದಿಲ್ಲ, ಮುಟ್ಟಿದರೆ ಸ್ಪಂದಿಸುವುದೂ ಇಲ್ಲ. ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಫೋಕಸ್ ನಿಧಾನ. ವಿಡಿಯೊ ಮುಖ್ಯವಾದರೆ ಇವೆರಡನ್ನೂ ಬಿಟ್ಟು ಕ್ಯಾನನ್ 80ಡಿ ನೋಡಬೇಕು. ಕ್ಯಾನನ್ 1500ಡಿಗೆ 9 ಫೋಕಸ್ ಬಿಂದು, ಸೆಕೆಂಡಿಗೆ 3 ಚಿತ್ರ. ಮಾವನವರ ಲೆನ್ಸುಗಳಿಗಂತೂ ಅದರಿಂದ ಉಪಯೋಗವಿಲ್ಲ.

ನನ್ನ ಅಭಿಪ್ರಾಯ ಡಿ7200 ಪರವಾಗಿದೆ. ಮಾವನವರ ಲೆನ್ಸುಗಳು ಇಲ್ಲದೇ ಇದ್ದಿದ್ದರೆ ಡಿ5600 ಜೊತೆಗೆ ಒಂದು ಸೆಕೆಂಡ್ ಹ್ಯಾಂಡ್ 35 ಮಿ.ಮೀ. ಎಫ್ 1.8ಜಿ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಆ ಲೆನ್ಸಿನೊಳಗೇ ಮೋಟಾರ್ ಇದೆ.

ಕನ್ನಡಿ_ಬೇಡ (ವೈಟ್‌ಫೀಲ್ಡ್):

ಮೇಲಿನ ಬರಹವನ್ನು ಗೌರವದಿಂದಲೇ ಓದಿದೆ. ಆದರೆ 2015ರಲ್ಲಿ ಬಂದ ಕ್ಯಾಮೆರಾಗೆ ಇಂದು 36,000 ಕೊಡಿ ಎಂದು ಹೇಳುವುದು ಸರಿಯೇ? 2020ರಲ್ಲಿ ಡಿ780 ಮತ್ತು ಡಿ6 ಬಂದ ಮೇಲೆ ನಿಕಾನ್ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಎಲ್ಲರೂ ಮಿರರ್‌ಲೆಸ್ (ಕನ್ನಡಿ ಇಲ್ಲದ ಕ್ಯಾಮೆರಾ) ಕಡೆಗೆ ಹೋಗಿರುವಾಗ ಇವರು ಹಿಂದಕ್ಕೆ ಹೋಗುವುದೇಕೆ? ಅದರಲ್ಲೂ ತಾಲೀಮಿನ ಕೋಣೆಯಲ್ಲಿ ಡಿಎಸ್‌ಎಲ್‌ಆರ್ ಕನ್ನಡಿಯ ಟಪ್ ಟಪ್ ಸದ್ದು ನಟರಿಗೆ ಕಿರಿಕಿರಿ. ಸೆಕೆಂಡ್ ಹ್ಯಾಂಡ್ ನಿಕಾನ್ ಝಡ್50 ಎಂಬ ಮಿರರ್‌ಲೆಸ್ ತೆಗೆದುಕೊಂಡು ಎಫ್‌ಟಿಝಡ್ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸುಗಳೂ ಕೂರುತ್ತವೆ, ಸದ್ದೂ ಇರುವುದಿಲ್ಲ.

ಹಳೇ_ರೀಲು (ಮಲ್ಲೇಶ್ವರ):

ಸದ್ದಿನ ವಿಷಯ ಒಪ್ಪಿದೆ. ಡಿ7200ರಲ್ಲಿ ‘ಕ್ಯೂ’ ಎಂಬ ಮೆಲುಸದ್ದಿನ ವಿಧಾನವಿದೆ. ಗುಂಡಿಯನ್ನು ಒತ್ತಿಯೇ ಹಿಡಿದಿದ್ದರೆ ಕನ್ನಡಿ ಕೆಳಗೆ ಬರುವುದನ್ನು ತಡೆಹಿಡಿಯಬಹುದು, ಸಂಭಾಷಣೆ ಜೋರಾದಾಗ ಬಿಡಬಹುದು. ಅದು ಸದ್ದನ್ನು ಎರಡು ತುಂಡು ಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ಆದರೆ ಮಿರರ್‌ಲೆಸ್ ಕ್ಯಾಮೆರಾಗಳ ಪೂರ್ತಿ ಮೌನದ ಎಲೆಕ್ಟ್ರಾನಿಕ್ ಶಟರ್ ಅನ್ನು ಎಲ್‌ಇಡಿ ದೀಪಗಳ ಕೆಳಗೆ ಬಳಸಿದರೆ ಚಿತ್ರದಲ್ಲಿ ಅಡ್ಡಪಟ್ಟಿಗಳು ಮೂಡುವ ಅಪಾಯವಿದೆ, ಮತ್ತು ಈಗಿನ ರಂಗಮಂದಿರಗಳಲ್ಲಿ ಎಲ್‌ಇಡಿ ದೀಪಗಳು ಹೆಚ್ಚುತ್ತಿವೆ.

ಲೆನ್ಸುಗಳ ಬಗ್ಗೆ ಮಾತ್ರ ನೀವು ಹೇಳಿದ್ದು ದಾರಿ ತಪ್ಪಿಸುವಂತಿದೆ. ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲೂ, ಅದರ ಎರಡನೆಯ ಆವೃತ್ತಿಯಲ್ಲೂ ಆ ಸ್ಕ್ರೂ ಕಡ್ಡಿ ಇಲ್ಲ. ‘ಡಿ’ ಲೆನ್ಸುಗಳು ಕೂರುತ್ತವೆ, ಫೋಕಸ್ ಕೈಯಿಂದಲೇ ಆಗಬೇಕು. ಅಂದಮೇಲೆ ಹೆಚ್ಚು ಹಣ ಕೊಟ್ಟು ಡಿ5600ರ ಸಮಸ್ಯೆಗೇ ವಾಪಸು ಬಂದ ಹಾಗಾಯಿತು. ಇವರ 45,000ದಲ್ಲಿ ಬಾಡಿ, ಅಡಾಪ್ಟರ್ ಎರಡೂ ಹಿಡಿಸುವುದೂ ಕಷ್ಟ.

ಕನ್ನಡಿ_ಬೇಡ (ವೈಟ್‌ಫೀಲ್ಡ್):

ಸ್ಕ್ರೂ ಕಡ್ಡಿಯ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಲೆನ್ಸುಗಳೆಲ್ಲ ಒಳಗೇ ಮೋಟಾರ್ ಇರುವ ‘ಜಿ’ ಆಗಿದ್ದರಿಂದ ಎಂದೂ ತೊಂದರೆಯಾಗಲಿಲ್ಲ. ಆ ಮಟ್ಟಿಗೆ ಮಾತು ಹಿಂದೆಗೆದುಕೊಂಡಿದ್ದೇನೆ. ಹೊಸದಾಗಿ ಶುರುಮಾಡುವವರು ಮಿರರ್‌ಲೆಸ್ ಕೊಳ್ಳಬೇಕು ಎನ್ನುವುದರಲ್ಲಿ ಬದಲಾವಣೆ ಇಲ್ಲ.

ಸಿಲಿಕಾ_ಜೆಲ್ (ಜಯನಗರ):

ಯಾವ ಮಾದರಿ ಎನ್ನುವುದು ಇತ್ಯರ್ಥವಾದಂತಿದೆ. ಆದರೆ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮಾದರಿಗಿಂತ ನಿಮ್ಮ ಮುಂದೆ ಮೇಜಿನ ಮೇಲಿರುವ ಆ ಒಂದು ಕ್ಯಾಮೆರಾವೇ ಮುಖ್ಯ. ನಾನು ಪೆಟ್ಟು ತಿಂದು ಕಲಿತವನು. ಮೊದಲ ಬಾರಿ ಕೊಂಡಾಗ ಶಟರ್ ಎಣಿಕೆ 12,000 ಎಂದು ಕೇಳಿಯೇ ಮರುಳಾಗಿ, ಮಿಕ್ಕಿದ್ದನ್ನು ನೋಡದೆ ದುಡ್ಡು ಕೊಟ್ಟುಬಂದೆ. ಮನೆಯಲ್ಲಿ ಒಂದೇ ಗೋಡೆಯ ಹತ್ತು ಚಿತ್ರ ತೆಗೆದರೆ ಹತ್ತೂ ಹತ್ತು ಥರ: ಒಂದು ಕಪ್ಪು, ಒಂದು ಬಿಳಿ, ನಡುವೆ ಎಲ್ಲ ಛಾಯೆಗಳೂ. ಲೆನ್ಸಿನ ಅಪರ್ಚರನ್ನು ಎಳೆಯುವ ಕ್ಯಾಮೆರಾದೊಳಗಿನ ಸನ್ನೆ (ಲಿವರ್) ಸವೆದು ಸಡಿಲವಾಗಿತ್ತು. ಅಂಗಡಿಯವರು ವಾಪಸು ತೆಗೆದುಕೊಳ್ಳಲಿಲ್ಲ. ಅಲ್ಲಿ ಎಫ್ 1.8ರಲ್ಲಿ ಮಾತ್ರ ಪರೀಕ್ಷಿಸಿದ್ದೆ. ಪೂರ್ತಿ ತೆರೆದಿರುವಾಗ ಆ ಸನ್ನೆಗೆ ಕೆಲಸವೇ ಇರುವುದಿಲ್ಲ.

ಆದ್ದರಿಂದ ಅಂಗಡಿಗೆ ಹೋಗುವಾಗ ನಿಮ್ಮದೇ ಕಾರ್ಡು, ನಿಮ್ಮ 50 ಮಿ.ಮೀ. ಲೆನ್ಸು, ಸಾಧ್ಯವಾದರೆ ಒಂದು ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ. ಲೆನ್ಸಿನ ಅಪರ್ಚರ್ ಬಳೆಯನ್ನು 22ಕ್ಕೆ ತಿರುಗಿಸಿ ಬೀಗ ಹಾಕದಿದ್ದರೆ ಕ್ಯಾಮೆರಾ ತಪ್ಪು ಸೂಚನೆ ತೋರಿಸಿ ಕೆಲಸ ಮಾಡದು. ಅದನ್ನು ಕಂಡು ಕ್ಯಾಮೆರಾವೇ ಕೆಟ್ಟಿದೆ ಎಂದುಕೊಳ್ಳಬೇಡಿ. ಮ್ಯಾನ್ಯುಯಲ್ ವಿಧಾನದಲ್ಲಿ ಎಫ್ 16 ಇಟ್ಟು ಬೆಳಕಿರುವ ಗೋಡೆಗೆ ಹಿಡಿದು ಒಂದೇ ಉಸಿರಿಗೆ ಇಪ್ಪತ್ತು ಚಿತ್ರ ತೆಗೆಯಿರಿ. ಎಲ್ಲವೂ ಒಂದೇ ಬೆಳಕಿನಲ್ಲಿ ಬಂದರೆ ಸನ್ನೆ ಸರಿಯಿದೆ. ಆಮೇಲೆ 1/8000 ಸೆಕೆಂಡಿನಲ್ಲಿ ಆಕಾಶದ ಚಿತ್ರ ತೆಗೆಯಿರಿ. ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬಂದರೆ ಶಟರ್ ಪರದೆಗಳ ಓಟ ಹೆಚ್ಚುಕಡಿಮೆಯಾಗಿದೆ ಎಂದರ್ಥ. ಎಫ್ 16ರ ಗೋಡೆಯ ಚಿತ್ರವನ್ನೇ ದೊಡ್ಡದು ಮಾಡಿ ನೋಡಿದರೆ ಸೆನ್ಸರಿನ ಮೇಲಿನ ಧೂಳು ಬೂದು ಚುಕ್ಕಿಗಳಾಗಿ ಕಾಣುತ್ತದೆ. ಧೂಳು ತೆಗೆಸಬಹುದು, ಗೀರು ಬಿದ್ದಿದ್ದರೆ ಬಿಟ್ಟುಬನ್ನಿ.

ಶಟರ್ ಎಣಿಕೆಯನ್ನು ಅವರ ಬಾಯಿಂದ ಕೇಳಬೇಡಿ. ನಿಕಾನ್ ತೆಗೆದ ಪ್ರತಿ ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ (ಚಿತ್ರದ ಕಡತದೊಳಗೇ ಅಡಗಿರುವ ದಾಖಲೆ) ಆ ಸಂಖ್ಯೆ ದಾಖಲಾಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ತೆರೆದು ನೀವೇ ಓದಬಹುದು. ಡಿ7200ರ ಶಟರನ್ನು 1,50,000 ಬಾರಿಗೆ ಪರೀಕ್ಷಿಸಲಾಗಿದೆ, ಹಾಗಾಗಿ 41,000 ಹೆದರುವ ಸಂಖ್ಯೆಯಲ್ಲ. ಮೆನುವಿನಲ್ಲಿ ಬ್ಯಾಟರಿಯ ವಯಸ್ಸನ್ನು 0ಯಿಂದ 4ರವರೆಗೆ ತೋರಿಸುವ ಜಾಗವಿದೆ. 4 ಎಂದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆಯಲು ಹೇಳಿ. ಎರಡು ಕಾರ್ಡ್ ಕಿಂಡಿಗಳಲ್ಲೂ ಕಾರ್ಡ್ ಹಾಕಿ ನೋಡಿ. ಕೆಳಭಾಗದ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಲ್ಲಿನ ಮೇಲೆ ಕ್ಯಾಮೆರಾದ ಸೀರಿಯಲ್ ನಂಬರ್ ಬರೆಸದೆ ಹಣ ಕೊಡಬೇಡಿ.

ಕೊನೆಯದಾಗಿ, ಬೀರುವಿನಲ್ಲಿ ಅಷ್ಟು ವರ್ಷ ಇದ್ದ ಲೆನ್ಸುಗಳನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿದ್ದೀರಾ?

ತಾಲೀಮು_ಕೋಣೆ (ಬಸವನಗುಡಿ):

ಎಲ್ಲರಿಗೂ ಧನ್ಯವಾದ. ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ರಾತ್ರಿ ನಿದ್ದೆ ಕೆಡಿಸಿದ್ದು ಅದೇ. 50 ಮಿ.ಮೀ. ಲೆನ್ಸು ಕನ್ನಡಿಯಂತಿದೆ. 70-300ರ ಹಿಂಭಾಗದಿಂದ ಮೊಬೈಲಿನ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ, ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂಥ ಬಿಳಿ ಗೆರೆಗಳು, ಒಂದು ಕಾಳುಮೆಣಸಿನಷ್ಟು ಅಗಲ. ಮಾವನವರಿಗೆ ಹೇಳಿದಾಗ ‘ಹದಿನೈದು ಮಳೆಗಾಲ ನೋಡಿದೆಯಲ್ಲ, ಇನ್ನೇನಾಗುತ್ತೆ’ ಎಂದು ನಕ್ಕುಬಿಟ್ಟರು.

ಶನಿವಾರ ಅಂಗಡಿಗೆ ಹೋಗಿ ಒಂದೂವರೆ ಗಂಟೆ ಕೂತೆ. ಅಂಗಡಿಯವರು ಮೊದಲು ಮುಖ ಗಂಟಿಕ್ಕಿದರು, ಆಮೇಲೆ ಅವರೇ ಕಾಫಿ ತರಿಸಿದರು. ಸ್ಕ್ರೂ ಕಡ್ಡಿಯನ್ನು ಕಣ್ಣಾರೆ ನೋಡಿದೆ, 50 ಮಿ.ಮೀ. ಕೂರಿಸಿ ಗುಂಡಿಯನ್ನು ಅರ್ಧ ಒತ್ತಿದಾಗ ‘ಜರ್’ ಎಂದು ಲೆನ್ಸು ತಿರುಗಿದ ಸದ್ದು ಕೇಳಿ ಸಣ್ಣ ಹುಡುಗನಂತೆ ಖುಷಿಯಾಯಿತು. ಎಫ್ 16ರ ಇಪ್ಪತ್ತು ಚಿತ್ರಗಳೂ ಒಂದೇ ಬೆಳಕಿನಲ್ಲಿ ಬಂದವು, 1/8000ರಲ್ಲಿ ಪಟ್ಟಿ ಕಾಣಲಿಲ್ಲ. ಎಕ್ಸಿಫ್‌ನಲ್ಲಿ ಎಣಿಕೆ 41,000 ಅಲ್ಲ, 47,318 ಇತ್ತು. ಬ್ಯಾಟರಿಯ ವಯಸ್ಸು 3. ಇವೆರಡನ್ನೂ ತೋರಿಸಿದ ಮೇಲೆ ಬೆಲೆ 33,500ಕ್ಕೆ ಇಳಿಯಿತು. ಸೀರಿಯಲ್ ನಂಬರ್ ಬರೆಸಿಕೊಂಡು ತಂದಿದ್ದೇನೆ.

ಭಾನುವಾರದ ತಾಲೀಮಿನಲ್ಲಿ ಎಫ್ 2.8, 1/160, ಐಎಸ್‌ಒ 2500 ಇಟ್ಟು ತೆಗೆದೆ. ಹಣೆಯ ಗೆರೆಗಳು ಬಂದಿವೆ. ಆದರೆ ಎಫ್ 1.8ರಲ್ಲಿ ತೆಗೆದವುಗಳಲ್ಲಿ ನಾನು ಕಣ್ಣಿಗೆ ಫೋಕಸ್ ಮಾಡಿದ್ದರೂ ಕಿವಿ ಸ್ಪಷ್ಟವಾಗಿ ಬರುತ್ತಿದೆ. ಇದು ನನ್ನ ಕೈಯ ದೋಷವೇ? 70-300ರ ಆ ಬಿಳಿ ಗೆರೆಗಳ ಫಂಗಸ್ (ಬೂಷ್ಟು) ತೆಗೆಸಬೇಕೇ?

ಹಳೇ_ರೀಲು (ಮಲ್ಲೇಶ್ವರ):

ಪ್ರತಿ ಬಾರಿಯೂ ಕಿವಿಯೇ ಸ್ಪಷ್ಟವಾಗುತ್ತಿದ್ದರೆ ದೋಷ ಕೈಯದಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಗೆ ಮೊದಲು ಲೈವ್ ವ್ಯೂನಲ್ಲಿ, ಆಮೇಲೆ ವ್ಯೂಫೈಂಡರಿನಲ್ಲಿ ಫೋಕಸ್ ಮಾಡಿ ಎಫ್ 1.8ರಲ್ಲಿ ತೆಗೆಯಿರಿ. ಲೈವ್ ವ್ಯೂ ಸೆನ್ಸರಿನಿಂದಲೇ ಫೋಕಸ್ ನೋಡುವುದರಿಂದ ಅದನ್ನು ಪ್ರಮಾಣವಾಗಿ ಇಟ್ಟುಕೊಳ್ಳಬಹುದು. ಎರಡನೆಯದು ಮಸುಕಾಗಿದ್ದರೆ ಮೆನುವಿನ ಎಎಫ್ ಫೈನ್ ಟ್ಯೂನ್ (ಫೋಕಸನ್ನು ಹಿಂದೆ ಮುಂದೆ ಸರಿಹೊಂದಿಸುವ ಸೌಲಭ್ಯ) ಬಳಸಿ. ಮೈನಸ್ 20ರಿಂದ ಪ್ಲಸ್ 20ರವರೆಗೆ ಅವಕಾಶವಿದೆ. ನಿಮ್ಮ ಫೋಕಸ್ ಹಿಂದಕ್ಕೆ ಬೀಳುತ್ತಿರುವುದರಿಂದ ಮೈನಸ್ ಕಡೆಗೆ ಎರಡೆರಡೇ ಹೆಜ್ಜೆ ಸರಿಸಿ ನೋಡಿ. ಆ ಲೆನ್ಸಿಗೆ ಹೊಂದಿಸಿದ ಅಂಕಿಯನ್ನು ಕ್ಯಾಮೆರಾ ನೆನಪಿಟ್ಟುಕೊಳ್ಳುತ್ತದೆ. ಡಿ5600ರಲ್ಲಿ ಈ ಅನುಕೂಲವೂ ಇಲ್ಲ, ಮೊದಲ ಉತ್ತರದಲ್ಲಿ ಹೇಳಲು ಮರೆತಿದ್ದೆ.

70-300ಕ್ಕೆ ಈಗಲೇ ಹಣ ಹಾಕಬೇಡಿ. ಅಂಚಿನ ಫಂಗಸ್ ಚಿತ್ರದಲ್ಲಿ ಅಷ್ಟಾಗಿ ಕಾಣುವುದಿಲ್ಲ, ಸೂರ್ಯ ಎದುರಿಗಿದ್ದಾಗ ಮಾತ್ರ ಚಿತ್ರ ಬೆಳ್ಳಗಾಗಬಹುದು. ಅದು ಗಾಜಿನ ಲೇಪನವನ್ನು ಕೊರೆದಿದ್ದರೆ ತೆಗೆಸಿದ ಮೇಲೂ ಗುರುತು ಉಳಿಯುತ್ತದೆ. 300ರ ತುದಿಯಲ್ಲಿ ಆ ಲೆನ್ಸು ಹುಟ್ಟಿನಿಂದಲೇ ಸ್ವಲ್ಪ ಮೆದು, ಎಫ್ 8ಕ್ಕೆ ಇಳಿಸಿ ಬಳಸಬೇಕು. ಅದರಲ್ಲಿ ಅಲುಗಾಟ ತಡೆಯುವ ವಿಆರ್ ಇಲ್ಲ, ಈ ಚಿಕ್ಕ ಸೆನ್ಸರಿನಲ್ಲಿ ನೋಟ ಫಿಲ್ಮ್ ಕ್ಯಾಮೆರಾದ 450 ಮಿ.ಮೀ.ಗೆ ಸಮ, ಆದ್ದರಿಂದ 1/500ಕ್ಕಿಂತ ನಿಧಾನದ ಶಟರ್ ಬೇಡ. ಲಾಲ್‌ಬಾಗ್ ಕೆರೆಯಲ್ಲಿ ಬೆಳಿಗ್ಗೆ ಎಂಟರ ನಂತರ, ಬಿಸಿಲು ನಿಮ್ಮ ಬೆನ್ನಿಗಿರುವಂತೆ ನಿಂತರೆ ಹೆಜ್ಜಾರ್ಲೆಗೆ ಅಷ್ಟು ಬೆಳಕು ಸಿಗುತ್ತದೆ.

ಸಿಲಿಕಾ_ಜೆಲ್ (ಜಯನಗರ):

ಆ 70-300 ಅನ್ನು ಚರ್ಮದ ಚೀಲದಲ್ಲಿ ಖಂಡಿತ ಇಡಬೇಡಿ. ಅಡುಗೆಮನೆಯ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ ಒಂದನ್ನು ಕೇಳಿ ತೆಗೆದುಕೊಂಡು, ತಳದಲ್ಲಿ ಸಿಲಿಕಾ ಜೆಲ್ (ತೇವ ಹೀರುವ ಹರಳು) ಪೊಟ್ಟಣಗಳನ್ನು ಹಾಕಿ ಅದರಲ್ಲಿಡಿ, ಬಾಡಿಯನ್ನೂ 50 ಮಿ.ಮೀ. ಲೆನ್ಸನ್ನೂ ಬೇರೆ ಡಬ್ಬದಲ್ಲಿಡಿ. ನೀಲಿ ಹರಳುಗಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ, ಆದರೆ ಅಡುಗೆಗೆ ಬಳಸುವ ಬಾಣಲೆ ಬೇಡ.